ಏಣು ಹತ್ತುವುದು ಸುಲಭ, ಇಳಿಯುವಾಗ ದಾರಿ ತಪ್ಪುವುದೇಕೆ? ಕಪ್ಪತಗುಡ್ಡದಲ್ಲಿ ಕಲಿತ ಪಾಠದ ಟಿಪ್ಪಣಿ

ಗದಗ ಜಿಲ್ಲೆಯ ಡೋಣಿ ಊರಿನ ಕಡೆಯಿಂದ ಕಪ್ಪತಗುಡ್ಡದ ಒಂದು ಏಣು (ಎರಡು ಕೊಳ್ಳಗಳ ನಡುವೆ ಕೆಳಕ್ಕೆ ಚಾಚಿದ ಗುಡ್ಡದ ಬೆನ್ನು) ಹಿಡಿದು ಹತ್ತುವಾಗ ನಾವು ಒಮ್ಮೆಯೂ ದಾರಿ ತಪ್ಪಲಿಲ್ಲ. ಅದೇ ಏಣಿನಲ್ಲಿ ಇಳಿಯುವಾಗ ಎರಡು ಸಲ ತಪ್ಪಿದೆವು. ಜೊತೆಗೆ ಬಂದಿದ್ದ ಊರಿನ ಹಿರಿಯರು ನಕ್ಷೆಯನ್ನು ನಮ್ಮ ಕೈಗೆ ಕೊಟ್ಟು ಹಿಂದೆ ನಡೆಯುತ್ತಿದ್ದರು. ಕಲಿಯಲಿ ಎಂದು ನೂರು ಹೆಜ್ಜೆ ಸುಮ್ಮನಿದ್ದು, ಆಮೇಲೆ ಹೇಳಿದರು: ‘ತಮ್ಮಾ, ಹತ್ತುವಾಗ ಹಿಂದಕ್ಕೆ ಎಷ್ಟು ಸಲ ನೋಡಿದೆ?’ ನಾನು ಒಂದು ಸಲವೂ ನೋಡಿರಲಿಲ್ಲ.

ಎಡಗೈಯ ಬೆರಳುಗಳನ್ನು ಅಗಲಿಸಿ ಮೇಜಿನ ಮೇಲೆ ಇಡಿ. ಒಂದು ಇರುವೆ ಯಾವ ಬೆರಳ ತುದಿಯಿಂದ ಹೊರಟರೂ ಮೇಲೆ ನಡೆಯುತ್ತ ಹೋದರೆ ಮಣಿಕಟ್ಟಿಗೇ ಬರುತ್ತದೆ. ಅದೇ ಇರುವೆ ಮಣಿಕಟ್ಟಿನಿಂದ ಹಿಂದಿರುಗುವಾಗ ಬೆರಳುಗಳ ಬುಡದಲ್ಲಿ ಆರಿಸಿಕೊಳ್ಳಬೇಕು. ಅಲ್ಲಿ ಒಂದಿಷ್ಟು ವಾಲಿದರೂ ಬೇರೆ ಬೆರಳಿನ ತುದಿ ಸೇರುತ್ತದೆ. ಗುಡ್ಡದ ಏಣುಗಳೂ ಹೀಗೆಯೇ. ಹತ್ತುವವನಿಗೆ ಅವು ಕೂಡುತ್ತವೆ, ಇಳಿಯುವವನಿಗೆ ಕವಲೊಡೆಯುತ್ತವೆ. ಕವಲಿನ ಜಾಗ ಮೇಲಿನಿಂದ ಬಹುಪಾಲು ಚಪ್ಪಟೆಯಾಗಿರುವುದರಿಂದ ಅಲ್ಲಿ ಕವಲು ಇದೆ ಎಂಬುದೇ ಕಾಣುವುದಿಲ್ಲ.

ನಕ್ಷೆಯಲ್ಲಿ ಇದನ್ನು ಮೊದಲೇ ಹಿಡಿಯಬಹುದು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಬಾಗಿ ಮೂತಿ ಚಾಚುತ್ತವೆಯಲ್ಲ, ಆ ಮೂತಿ ಇಳಿಜಾರಿನ ಕಡೆಗಿದ್ದರೆ ಏಣು, ಎತ್ತರದ ಕಡೆಗಿದ್ದರೆ ಕೊಳ್ಳ. ಗೊಂದಲವಾದರೆ ರೇಖೆಗಳ ಮೇಲಿನ ಅಂಕಿಗಳನ್ನು ಓದಿ; ಅಂಕಿ ಇಲ್ಲದ ಕಡೆ ಹಳ್ಳದ ಗೆರೆ ಹುಡುಕಿ, ಅದು ಎಂದೂ ಏಣಿನ ಮೇಲೆ ಹರಿಯುವುದಿಲ್ಲ. ಹೊರಡುವ ಹಿಂದಿನ ರಾತ್ರಿ ಇಳಿಯುವ ದಾರಿಯ ಮೇಲೆ ಪ್ರತಿ ಕವಲಿಗೂ ಪೆನ್ಸಿಲ್ ಚುಕ್ಕೆ ಇಟ್ಟು, ಅಲ್ಲಿಂದ ಯಾವ ದಿಕ್ಕು ಎಂದು ಬರೆದಿಡಿ. ಹತ್ತುವಾಗ ಆ ಚುಕ್ಕೆ ಬಂದಲ್ಲೆಲ್ಲ ಹಿಂದಿರುಗಿ ನಿಂತು ನೋಡಬೇಕು, ಏಕೆಂದರೆ ಇಳಿಯುವಾಗ ನಿಮ್ಮ ಕಣ್ಣಿಗೆ ಬೀಳುವುದು ಆ ನೋಟವೇ. ಹತ್ತುವಾಗ ಗುರುತಿಟ್ಟ ಕಾರೆ ಕಂಟಿ ಹಿಂದಿನಿಂದ ನೋಡಿದರೆ ಬೇರೆಯದೇ ಕಂಟಿಯಂತೆ ಕಾಣುತ್ತದೆ.

ಈಗ ನಕ್ಷೆ ಹೇಳದ ಮಾತು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಮಾಪದ ನಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಸಮೋನ್ನತಿ ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್. ಎಂದರೆ 15 ಮೀಟರಿನ ಕಲ್ಲುಗೋಡೆ, ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ್ದು, ಎರಡು ರೇಖೆಗಳ ನಡುವೆ ಅಡಗಿ ಕೂರಬಹುದು. ಕಪ್ಪತಗುಡ್ಡದಲ್ಲಿ ಇದಕ್ಕೆ ಕಾರಣವೂ ಇದೆ. ಧಾರವಾಡದ ಹೆಸರನ್ನೇ ಹೊತ್ತಿರುವ, 250 ಕೋಟಿ ವರ್ಷಗಳಿಗೂ ಹಳೆಯ ಶಿಲಾಸಮೂಹಕ್ಕೆ ಸೇರಿದ ಗುಡ್ಡ ಇದು. ಮೆತ್ತನೆಯ ಶಿಸ್ಟ್ ಕಲ್ಲು ಸವೆದು ಇಳಿಜಾರಾಗಿದೆ. ಕಬ್ಬಿಣದ ಅಂಶವಿರುವ ಗಟ್ಟಿ ಪಟ್ಟೆಕಲ್ಲು ಸವೆಯದೆ ಬೆನ್ನೆಲುಬಿನಂತೆ ಎದ್ದು ನಿಂತಿದೆ. ಕೈ ಊರಿ ಹತ್ತುವ ಜಾಗಗಳು ಬರುವುದು ಇಂಥ ಪಟ್ಟೆಗಳ ಮೇಲೆಯೇ.

ಕೈ ಊರಬೇಕಾದರೂ ಹಗ್ಗ ಬೇಡದಂಥ ಹತ್ತುವಿಕೆಗೆ ಸ್ಕ್ರ್ಯಾಂಬ್ಲಿಂಗ್ ಎನ್ನುತ್ತಾರೆ. ಹತ್ತುವಿಕೆಯ ಕಷ್ಟವನ್ನು 1ರಿಂದ 5ರವರೆಗೆ ಅಳೆಯುವ ಅಮೆರಿಕದ ಯೊಸೆಮಿಟಿ ವರ್ಗೀಕರಣದಲ್ಲಿ ಇದು 3ನೆಯ ದರ್ಜೆ. ಸುಲಭದ್ದೆಂದರೂ ಬಿದ್ದರೆ ಪೆಟ್ಟಾಗುವ ದರ್ಜೆಯೇ. ಎರಡು ಕೈ, ಎರಡು ಕಾಲುಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಕದಲಿಸಬೇಕು, ಉಳಿದ ಮೂರು ಕಲ್ಲಿನ ಮೇಲಿರಬೇಕು. ಹಿಡಿಯುವ ಮುನ್ನ ಕಲ್ಲನ್ನು ಪರೀಕ್ಷಿಸಿ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಾರಿಸಿ ಕಿವಿಗೊಡುತ್ತೇವಲ್ಲ, ಹಾಗೆಯೇ. ನಾನು ಹಿಡಿಯಲು ಹೋದ ಒಂದು ಕಲ್ಲು, ಕುಂಬಳಕಾಯಿಯಷ್ಟು ದಪ್ಪ, ಕೆಂಪು ಕಪ್ಪು ಗೆರೆಗಳದ್ದು, ನೋಡಲು ಗುಡ್ಡದೊಂದಿಗೇ ಹುಟ್ಟಿದಂತಿತ್ತು. ಬಾರಿಸಿದರೆ ಪೊಳ್ಳು ಸದ್ದು. ಅದರ ಬುಡದ ಬಿರುಕಿನಲ್ಲಿ ಒಣಹುಲ್ಲು ಬೆಳೆದಿತ್ತು. ಅಂಗೈಯಿಂದ ಒತ್ತಿದಾಗ ಆ ಹುಲ್ಲು ಅಲುಗಿತು. ಹುಲ್ಲು ಅಲುಗಿದರೆ ಕಲ್ಲು ಅಲುಗಿದೆ ಎಂದೇ ಅರ್ಥ. ಇಂಥ ಕಲ್ಲನ್ನು ಬಿಟ್ಟುಬಿಡಿ. ಅನುಮಾನವಿದ್ದ ಕಡೆ ಕೆಳಕ್ಕೆ ಒತ್ತಬೇಕೇ ಹೊರತು ಹೊರಕ್ಕೆ ಎಳೆಯಬಾರದು. ಕಲ್ಲು ಜಾರಿದರೆ ಕೂಡಲೇ ‘ಕಲ್ಲು!’ ಎಂದು ಕೂಗಿ. ಒಬ್ಬರ ನೇರ ಕೆಳಗೆ ಮತ್ತೊಬ್ಬರು ನಿಲ್ಲಬೇಡಿ.

ಇಳಿಯಲಾಗದ ಕಲ್ಲನ್ನು ಹತ್ತಬೇಡಿ. ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ. ಹತ್ತುವಾಗ ಹಿಡಿ (ಕೈಗೆ ಸಿಗುವ ಆಸರೆ) ಕಣ್ಣೆದುರಿಗಿರುತ್ತದೆ. ಇಳಿಯುವಾಗ ಪಾದವೇ ಕಾಣುವುದಿಲ್ಲ. ಅನುಮಾನ ಬಂದರೆ ನಾಲ್ಕು ಹೆಜ್ಜೆ ಹತ್ತಿ ಅಲ್ಲಿಂದಲೇ ಇಳಿದು ನೋಡಿ. ಕಡಿದಾದ ಕಡೆ ಮುಖವನ್ನು ಕಲ್ಲಿನ ಕಡೆಗೆ ಮಾಡಿಯೇ ಇಳಿಯಿರಿ.

ಹೊತ್ತಿನ ಲೆಕ್ಕಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಕೊಟ್ಟ ಸೂತ್ರವಿದೆ: ಗಂಟೆಗೆ ಸುಮಾರು 5 ಕಿ.ಮೀ., ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಒಂದು ಗಂಟೆ. 4 ಕಿ.ಮೀ. ದೂರ, 300 ಮೀಟರ್ ಏರಿಕೆ ಇದ್ದರೆ 48 ನಿಮಿಷಕ್ಕೆ 30 ಸೇರಿ 78 ನಿಮಿಷ. ಕೈ ಊರುವ ಜಾಗಗಳಿಗೆ ಈ ಸೂತ್ರ ಒಗ್ಗುವುದಿಲ್ಲ. ಗುಂಪಿನಲ್ಲಿ ಒಬ್ಬೊಬ್ಬರೇ ದಾಟಬೇಕಾಗುವುದರಿಂದ ನಾನು ಅಲ್ಲಿ ದುಪ್ಪಟ್ಟು ಹಿಡಿಯುತ್ತೇನೆ.

ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ದಾರಿಗೆ ಗುರುತಿಲ್ಲದಿದ್ದರೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, ಅವರು ಹೇಳಿದ ಗಡಿಯೊಳಗೇ ನಡೆಯಬೇಕು. ಔಷಧ ಸಸ್ಯಗಳಿಗೆ ಹೆಸರಾದ ಗುಡ್ಡವಿದು: ಹಿಡಿಗಾಗಿ ಗಿಡ ಜಗ್ಗಬೇಡಿ, ಒಣಹುಲ್ಲಿನ ಕಾಲದಲ್ಲಿ ಬೆಂಕಿಕಡ್ಡಿ ಗೀರಬೇಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿದರೆ ಸಿಡಿಲಿಗೆ ಮೊದಲು ಸಿಗುವುದು ಏಣೇ. ಆಗ ಕೂಡಲೇ ಕೆಳಗಿಳಿಯಬೇಕು.

ನಮ್ಮ ಎರಡನೆಯ ತಪ್ಪು ಗೊತ್ತಾದದ್ದು ಡಂಬಳದ ಕೆರೆಯಿಂದ. ಎಡಕ್ಕೆ ಇರಬೇಕಿದ್ದ ಕೆರೆ ಮೂಗಿನ ನೇರಕ್ಕೆ ಹೊಳೆಯುತ್ತಿತ್ತು. ದಿಕ್ಸೂಚಿ ಹಿಡಿದು ನೋಡಿದರೆ ನಮ್ಮ ಏಣು ಬರೆದಿಟ್ಟ ದಿಕ್ಕಿಗಿಂತ ಉತ್ತರಕ್ಕೆ ವಾಲಿತ್ತು. ಅಡ್ಡ ಹಾಯ್ದು ಕೊಳ್ಳ ದಾಟಿದರೆ ಹತ್ತಿರ ಎಂದು ಒಬ್ಬರು ಹೇಳಿದರು. ಹಿರಿಯರು ತಲೆಯಾಡಿಸಿ, ಬಂದ ದಾರಿಯಲ್ಲೇ ಮೇಲಕ್ಕೆ ತಿರುಗಿದರು. ಕವಲಿನ ತನಕ ಹತ್ತಿ, ಅಲ್ಲಿ ನಿಂತು ನೀರು ಕುಡಿದು, ಈ ಸಲ ನಕ್ಷೆಯನ್ನು ನಾನೇ ತಿರುಗಿಸಿ ಹಿಡಿದು ಸರಿಯಾದ ಬೆರಳನ್ನು ಆರಿಸಿದೆ.