ಮಾಯವಾದ ಸಿಗ್ನಲ್ ಏನು ಹೇಳುತ್ತದೆ?

ಪ್ರಶ್ನೆ: ಸರ್, ಆಕಾರವಿಲ್ಲದ ಪ್ರೋಟೀನಿಗೆ ಪ್ಯಾರಾಮ್ಯಾಗ್ನೆಟಿಕ್ ಟ್ಯಾಗ್ (ಕಾಂತೀಯ ಗುಣದ ಪುಟ್ಟ ಅಣು) ಅಂಟಿಸಿದರೆ, ಪರಮಾಣುಗಳು ಕಾಂತಕ್ಷೇತ್ರದಲ್ಲಿ ಕೊಡುವ ಎನ್‌ಎಂಆರ್ ಸಿಗ್ನಲ್‌ಗಳು ಅಳಿಸಿಹೋಗುತ್ತವೆ ಅಂತ ಓದಿದೆ. ಇದ್ದ ಮಾಹಿತಿಯನ್ನೇ ಅಳಿಸಿದರೆ ಹೊಸದೇನು ತಿಳಿಯುತ್ತದೆ?
(ಇಂಡಿ ತಾಲ್ಲೂಕಿನ ಎಂ.ಎಸ್ಸಿ. ವಿದ್ಯಾರ್ಥಿನಿ)

ಉತ್ತರ: ಬಾಗಲಕೋಟೆಯ ನನ್ನ ತರಗತಿಯಲ್ಲೂ ಈ ಪ್ರಶ್ನೆ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ನಾನು ಅವರಿಗೆ ಇಳಕಲ್ಲಿನ ನೂಲು ತೋರಿಸುತ್ತೇನೆ. ಮಗ್ಗಕ್ಕೆ ಏರಿದ ಎಳೆಗೆ ಅದರದೇ ಜಾಗವಿದೆ, ಪಕ್ಕದ ಎಳೆ ಯಾವುದೆಂದು ಹೇಳಬಹುದು. ಲಡಿಯಿಂದ ಬಿಚ್ಚಿ ಅಂಗೈಯಲ್ಲಿ ಮುದ್ದೆ ಮಾಡಿದ ಎಳೆಗೆ ಆ ಭಾಗ್ಯವಿಲ್ಲ. ಕೈ ಅಲುಗಿದಂತೆ ಅದರ ರೂಪ ಬದಲಾಗುತ್ತದೆ. ಆಕಾರವಿಲ್ಲದ ಪ್ರೋಟೀನೂ ಹೀಗೆಯೇ. ಈಗ ಆ ಎಳೆಯ ಒಂದೇ ಕಡೆ ಹಸಿ ಬಣ್ಣ ಹಚ್ಚಿ ಅಲುಗಾಡಿಸಿ, ಆಮೇಲೆ ಬಿಡಿಸಿ ನೋಡಿ. ಬಣ್ಣದ ಜಾಗಕ್ಕೆ ಯಾವ ಭಾಗಗಳು ತಾಗಿದ್ದವೋ ಅಲ್ಲೆಲ್ಲ ಕಲೆ ಇರುತ್ತದೆ. ನೀವು ಕೇಳಿದ ಅಳಿಸಿಹೋಗುವಿಕೆ ಈ ಕಲೆಯೇ.

ಪ್ರೋಟೀನಿನಲ್ಲಿ ಬಣ್ಣದ ಕೆಲಸ ಮಾಡುವುದು ಟ್ಯಾಗಿನಲ್ಲಿರುವ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್. ಅದರ ಕಾಂತೀಯ ಬಲ ಪ್ರೋಟಾನಿನದಕ್ಕಿಂತ, ಅಂದರೆ ಸಿಗ್ನಲ್ ಕೊಡುವ ಹೈಡ್ರೋಜನ್ ನ್ಯೂಕ್ಲಿಯಸ್ಸಿನದಕ್ಕಿಂತ, ಸುಮಾರು 658 ಪಟ್ಟು ಹೆಚ್ಚು. ಹತ್ತಿರ ಬಂದ ಪ್ರೋಟಾನಿನ ಲಯವನ್ನು ಅದು ಬೇಗ ಕೆಡಿಸುತ್ತದೆ. ಸಿಗ್ನಲಿನ ಶಿಖರ ಅಗಲವಾಗುತ್ತ, ತಗ್ಗುತ್ತ, ಕೊನೆಗೆ ಗದ್ದಲದಲ್ಲಿ ಮುಳುಗುತ್ತದೆ. ಪ್ರೋಟಾನ್ ಪ್ರೋಟಾನ್ ನಡುವಿನ ಸಾಮಾನ್ಯ ಅಳತೆ 5–6 ಆಂಗ್‌ಸ್ಟ್ರಾಮ್ ದಾಟುವುದಿಲ್ಲ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು). ಈ ಎಲೆಕ್ಟ್ರಾನಿನ ಕೈ ಸುಮಾರು 25 ಆಂಗ್‌ಸ್ಟ್ರಾಮ್‌ವರೆಗೆ ಚಾಚುತ್ತದೆ. ಒಂದು ಕಡೆ ನಿಲ್ಲದ ಪ್ರೋಟೀನಿಗೆ ಇಂಥ ಉದ್ದ ಕೈಯೇ ಬೇಕು.

ಟ್ಯಾಗ್ ಹಾಕುವುದು ಹೀಗೆ: ಬೇಕಾದ ಜಾಗದಲ್ಲಿ ಒಂದೇ ಒಂದು ಸಿಸ್ಟೀನ್ (ಗಂಧಕವಿರುವ ಅಮೈನೋ ಆಮ್ಲ) ಇರುವಂತೆ ಜೀನ್ ಬದಲಿಸಿ, ಅದರ ಗಂಧಕಕ್ಕೆ ಎಂಟಿಎಸ್‌ಎಲ್ ಎಂಬ, ಆ ಒಂಟಿ ಎಲೆಕ್ಟ್ರಾನ್ ಇರುವ ನೈಟ್ರಾಕ್ಸೈಡ್ ಅಣುವನ್ನು ಕೂಡಿಸುತ್ತಾರೆ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಗಂಟುಗಟ್ಟುವ ಆಲ್ಫಾ ಸಿನ್ಯೂಕ್ಲೀನ್‌ನಲ್ಲಿ 140 ಅಮೈನೋ ಆಮ್ಲಗಳಿವೆ, ಹುಟ್ಟಾ ಸಿಸ್ಟೀನ್ ಒಂದೂ ಇಲ್ಲ. ಹಾಗಾಗಿ ಎಲ್ಲಿ ಬೇಕೋ ಅಲ್ಲಿ ಒಂದನ್ನು ನೆಡಬಹುದು.

ಈಗ ನಿಮ್ಮೂರಿನ ವಿಷಯಕ್ಕೆ ಬರುತ್ತೇನೆ. ಟ್ಯಾಗ್ ಇರುವಾಗ ಒಂದು ಸ್ಪೆಕ್ಟ್ರಮ್ (ಸಿಗ್ನಲ್ ಶಿಖರಗಳ ನಕ್ಷೆ) ತೆಗೆದ ಮೇಲೆ ಅದೇ ಟ್ಯೂಬಿಗೆ ಆಸ್ಕಾರ್ಬಿಕ್ ಆಮ್ಲ ಹಾಕುತ್ತಾರೆ. ಇಂಡಿಯ ಲಿಂಬೆಯಲ್ಲಿರುವ ಸಿ ಜೀವಸತ್ವವೇ ಇದು. ಅದು ಆ ಒಂಟಿ ಎಲೆಕ್ಟ್ರಾನಿಗೆ ಜೋಡಿ ಕೊಡುತ್ತದೆ. ಟ್ಯಾಗ್ ಇದ್ದಲ್ಲೇ ಇರುತ್ತದೆ, ಅದರ ಕಾಂತ ಮಾತ್ರ ಆರುತ್ತದೆ, ಮುಳುಗಿದ್ದ ಸಿಗ್ನಲ್‌ಗಳು ಮತ್ತೆ ಏಳುತ್ತವೆ. ಅಳಿಸಿದ್ದನ್ನು ಹೀಗೆ ವಾಪಸ್ ತರಬಹುದಾದ್ದರಿಂದಲೇ ಅಳಿಸಿದ್ದಕ್ಕೆ ಅರ್ಥ ಬರುತ್ತದೆ. ಪ್ರತಿ ಅಮೈನೋ ಆಮ್ಲಕ್ಕೂ ಮೊದಲ ಸ್ಪೆಕ್ಟ್ರಮ್ಮಿನ ಶಿಖರದ ಎತ್ತರವನ್ನು ಎರಡನೆಯದರ ಎತ್ತರದಿಂದ ಭಾಗಿಸಿ. ಉತ್ತರ 1ರ ಹತ್ತಿರ ಬಂದರೆ ಆ ಭಾಗ ಟ್ಯಾಗಿನಿಂದ ದೂರವೇ ಉಳಿದಿದೆ, ಸೊನ್ನೆಯ ಹತ್ತಿರ ಬಂದರೆ ಬಳಿ ಬಂದುಹೋಗಿದೆ.

ಸುಮ್ಮನೆ ತೇಲುವ ಸರಪಳಿಯಲ್ಲಿ ಟ್ಯಾಗಿನ ಅಕ್ಕಪಕ್ಕದವು ಮಾತ್ರ ಮಂಕಾಗಬೇಕು. ಆಲ್ಫಾ ಸಿನ್ಯೂಕ್ಲೀನ್‌ನಲ್ಲಿ ದೂರದ ಬಾಲದ (ಸರಪಳಿಯ ಕೊನೆಯ ಭಾಗದ) ಸಿಗ್ನಲ್‌ಗಳೂ ಮಂಕಾದವು. ಬಾಲ ಮಡಚಿಕೊಂಡು ನಡುಭಾಗವನ್ನು ಮುಟ್ಟುತ್ತಿರುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದ್ದು ಹೀಗೆ. ಗಂಟುಗಟ್ಟುವಿಕೆಗೆ ತಿರುಳಾಗುವುದು ಆ ನಡುಭಾಗವೇ. ಆಕಾರವಿಲ್ಲ ಎಂದು ಕೈಬಿಟ್ಟ ಪ್ರೋಟೀನಿನಲ್ಲೂ ಒಂದು ಒಲವು ಕಂಡಿದ್ದು ನನಗೆ ಇಂದಿಗೂ ಸೋಜಿಗ.

ಆದರೆ ಕಲೆಯನ್ನು ನೇರವಾಗಿ ದೂರ ಎಂದು ಓದಬೇಡಿ. ಪರಿಣಾಮ ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ ಇಮ್ಮಡಿಯಾದರೆ ಪರಿಣಾಮ 64ರಲ್ಲಿ ಒಂದು ಪಾಲು. ಒಂದು ಲೆಕ್ಕ ನೋಡಿ: ಪ್ರೋಟೀನು ನೂರರಲ್ಲಿ 99 ಪಾಲು ಸಮಯ 40 ಆಂಗ್‌ಸ್ಟ್ರಾಮ್ ದೂರದಲ್ಲಿದ್ದು, ಒಂದು ಪಾಲು ಮಾತ್ರ 10ಕ್ಕೆ ಬಂತು ಅನ್ನಿ. ನಿಜವಾದ ಸರಾಸರಿ 39.7. ಪರಿಣಾಮದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸಿಗುವುದು ಸುಮಾರು 21.5! ಗಳಿಗೆಯ ಸ್ಪರ್ಶವೇ ಇಡೀ ಹೊತ್ತಿನ ಲೆಕ್ಕವನ್ನು ಎಳೆದುಬಿಟ್ಟಿತು. ಅದಕ್ಕೇ ಒಂದು ಆಕಾರ ಹುಡುಕದೆ, ಸಾವಿರಾರು ಆಕಾರಗಳ ಗುಂಪು ಕಟ್ಟಿ ಎಲ್ಲವೂ ಕೂಡಿ ಈ ಅಳತೆಗೆ ಹೊಂದುತ್ತವೆಯೇ ಎಂದು ನೋಡುತ್ತಾರೆ.

ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ನಾನೇ ಒಮ್ಮೆ ಎಡವಿದ್ದೆ. ಒಂದು ಸ್ಯಾಂಪಲ್‌ನಲ್ಲಿ ಯಾವ ಸಿಗ್ನಲ್ಲೂ ತಗ್ಗಲಿಲ್ಲ. ಪ್ರೋಟೀನು ಪೂರ್ತಿ ಚಾಚಿಕೊಂಡಿದೆ ಎಂದು ಎರಡು ವಾರ ನಂಬಿದ್ದೆ. ಟ್ಯಾಗಿನ ಪಕ್ಕದ ಸಿಗ್ನಲ್ ಕೂಡ ಗಟ್ಟಿಯಾಗಿ ನಿಂತಿದ್ದು ಆಮೇಲೆ ಕಣ್ಣಿಗೆ ಬಿತ್ತು. ಸಿಸ್ಟೀನ್‌ಗಳು ಒಂದಕ್ಕೊಂದು ಅಂಟಬಾರದೆಂದು ಹಾಕಿದ್ದ ಡಿಟಿಟಿ ಎಂಬ ರಾಸಾಯನಿಕ ಪೂರ್ತಿ ತೊಳೆದು ಹೋಗಿರಲಿಲ್ಲ, ಅದೇ ಟ್ಯಾಗನ್ನು ಕತ್ತರಿಸಿತ್ತು. ಅಂದಿನಿಂದ, ಅಣುವಿನ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ ಟ್ಯಾಗಿನಿಂದ ಸುಮಾರು 184 ಡಾಲ್ಟನ್ ತೂಕ ಏರಿದ್ದನ್ನು ನೋಡದೆ ಮುಂದೆ ಹೋಗಿಲ್ಲ.

ಇನ್ನೊಂದು ಪರೀಕ್ಷೆಯನ್ನೂ ಬಿಡಬೇಡಿ. ಟ್ಯಾಗ್ ಇರುವ ಸಾಮಾನ್ಯ ನೈಟ್ರೋಜನ್ ಪ್ರೋಟೀನನ್ನು, ಟ್ಯಾಗ್ ಇಲ್ಲದ ನೈಟ್ರೋಜನ್-15 ಪ್ರೋಟೀನಿನ ಜೊತೆ ಬೆರೆಸಿ. ಇಲ್ಲಿ ಸಿಗ್ನಲ್ ಕಾಣುವುದು ನೈಟ್ರೋಜನ್-15 ಇರುವುದರಿಂದ ಮಾತ್ರ. ಆಗಲೂ ಸಿಗ್ನಲ್ ಮಂಕಾದರೆ ಆ ಕಲೆ ಬಂದಿದ್ದು ಪಕ್ಕದ ಎಳೆಯಿಂದ, ತನ್ನದೇ ಮಡಿಕೆಯಿಂದ ಅಲ್ಲ.