ಎಂಜಿನ್, ಗೇರ್ ಬಾಕ್ಸ್ ತೊಂದರೆಗಳು: ಬಿಚ್ಚುವ ಮೊದಲು "ಯಾವಾಗ?" ಅಂತ ಕೇಳಿ

ಗಾಡಿ ಕೆಲಸ ಕಲಿಯಲು ಶುರುಮಾಡಿದವರಿಗೆ ಕೈಗೆ ಸ್ಪ್ಯಾನರ್ ಸಿಕ್ಕ ಕೂಡಲೇ ಏನಾದರೂ ಬಿಚ್ಚಬೇಕು ಅನಿಸುತ್ತದೆ. ಸ್ವಲ್ಪ ತಡೆಯಿರಿ. ಈ ತೊಂದರೆ ಯಾವಾಗ ಬರುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಲ್ಲೋ, ಓಡುವಾಗಲೋ? ಕ್ಲಚ್ ಒತ್ತಿದಾಗಲೋ, ಬಿಟ್ಟಾಗಲೋ? "ಸೌಂಡ್ ಬರ್ತಿದೆ" ಅಂದರೆ ಏನೂ ಗೊತ್ತಾಗುವುದಿಲ್ಲ. "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಗಡಗಡ ಅನ್ನುತ್ತೆ, ಆಮೇಲೆ ಇರಲ್ಲ" ಅಂದರೆ ಮೊದಲು ಟೈಮಿಂಗ್ ಚೈನ್ ಟೆನ್ಷನರ್ (ಎಂಜಿನ್ ಒಳಗಿನ ಚೈನನ್ನು ಬಿಗಿಯಾಗಿಡುವ ಭಾಗ) ಕಡೆ ನೋಡಬೇಕು ಅಂತ ಬಾನೆಟ್ ಎತ್ತುವ ಮೊದಲೇ ತಿಳಿಯುತ್ತದೆ.

ಎಂಜಿನ್ ಹೀಟ್ ಆಗುವುದು

ಹೆಚ್ಚಿನ ಕಾರುಗಳಲ್ಲಿ ಥರ್ಮೋಸ್ಟಾಟ್ (ಎಂಜಿನ್ ತಣಿಸುವ ದ್ರವವಾದ ಕೂಲೆಂಟನ್ನು ರೇಡಿಯೇಟರ್ ಕಡೆ ಬಿಡುವ ವಾಲ್ವ್) ಸುಮಾರು 82ರಿಂದ 90 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ತೆರೆದುಕೊಳ್ಳಲು ಶುರುವಾಗುತ್ತದೆ. ಅಲ್ಲಿಯವರೆಗೆ ಕೂಲೆಂಟ್ ಎಂಜಿನ್ ಒಳಗೇ ಸುತ್ತುತ್ತದೆ. ಆಮೇಲೆ ರೇಡಿಯೇಟರ್‌ಗೆ ಹೋಗಿ ತಣ್ಣಗಾಗಿ ಬರುತ್ತದೆ.

ಈಗ ನಮ್ಮ ಪ್ರಶ್ನೆ ಕೇಳೋಣ. ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಹೀಟ್ ಆಗಿ, ಹೈವೇಗೆ ಹೋದರೆ ಸರಿಯಾಗುತ್ತದೆಯೇ? ಓಡುವಾಗ ಗಾಳಿ ತಾನೇ ರೇಡಿಯೇಟರ್ ಒಳಗೆ ನುಗ್ಗುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಹಾಗಾಗಿ ಫ್ಯಾನ್ ಮೋಟಾರ್, ಅದರ ಫ್ಯೂಸ್, ರಿಲೇ, ಟೆಂಪರೇಚರ್ ಸೆನ್ಸರ್ ನೋಡಿ. ಬಹಳಷ್ಟು ಕಾರುಗಳಲ್ಲಿ ಎಸಿ ಆನ್ ಮಾಡಿದರೆ ಫ್ಯಾನ್ ತಿರುಗಬೇಕು, ಇದು ಅರ್ಧ ನಿಮಿಷದ ಪರೀಕ್ಷೆ. ಉಲ್ಟಾ ಇದ್ದರೆ, ಅಂದರೆ ಟ್ರಾಫಿಕ್‌ನಲ್ಲಿ ಸುಮ್ನಿದ್ದು ವೇಗವಾಗಿ ಹೋಗುವಾಗ ಹೀಟ್ ಆದರೆ, ಫ್ಯಾನ್ ಮುಟ್ಟಬೇಡಿ. ಕೂಲೆಂಟ್ ಹರಿಯುತ್ತಿರುವುದೇ ಕಡಿಮೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಅರ್ಧಕ್ಕೇ ನಿಂತಿರಬಹುದು, ವಾಟರ್ ಪಂಪ್ ಇಂಪೆಲ್ಲರ್ ಸವೆದಿರಬಹುದು.

ಥರ್ಮೋಸ್ಟಾಟ್ ತೆರೆದೇ ನಿಂತರೆ ಯಾರೂ ದೂರುವುದಿಲ್ಲ, ಯಾಕೆಂದರೆ ಹೀಟ್ ಆಗುವುದಿಲ್ಲವಲ್ಲ. ಆದರೆ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಬೇಕಾಗುತ್ತದೆ, ಮೈಲೇಜ್ ಇಳಿಯುತ್ತದೆ. "ತೊಂದರೆ ಕೊಡುತ್ತೆ, ಕಿತ್ತು ಬಿಸಾಕೋಣ" ಅಂತ ಥರ್ಮೋಸ್ಟಾಟನ್ನೇ ತೆಗೆದುಹಾಕುವ ಪದ್ಧತಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಅದು ಕೂಡ ತೆರೆದೇ ನಿಂತ ಥರ್ಮೋಸ್ಟಾಟ್‌ನಷ್ಟೇ ಕೆಡುಕು.

ರೇಡಿಯೇಟರ್ ಮುಚ್ಚಳವನ್ನು ಬಿಸಿಯಿದ್ದಾಗ ತೆಗೆಯಬಾರದು ಅಂತ ಎಲ್ಲರೂ ಹೇಳುತ್ತಾರೆ, ಕಾರಣ ತಿಳಿದಿದ್ದರೆ ಒಳ್ಳೆಯದು. ಆ ಮುಚ್ಚಳ ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಿರುತ್ತದೆ. ಆ ಒತ್ತಡದಲ್ಲಿ ಕೂಲೆಂಟ್ ಕುದಿಯಲು 120 ಡಿಗ್ರಿ ದಾಟಬೇಕು. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಬೀಳುತ್ತದೆ, ಅಲ್ಲಿಯವರೆಗೆ ಶಾಂತವಾಗಿದ್ದ ಕೂಲೆಂಟ್ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಇನ್ನೊಂದು ಮೋಸದ ಲಕ್ಷಣ ಇದೆ. ಹೀಟ್ ಆಗುತ್ತಿದ್ದ ಗಾಡಿಯ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸರಿಹೋಯಿತು ಅಂದುಕೊಳ್ಳಬೇಡಿ. ಕೂಲೆಂಟ್ ಖಾಲಿಯಾಗಿ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರಬಹುದು. ಹಾಗೇ ಓಡಿಸಿದರೆ ಸಿಲಿಂಡರ್ ಹೆಡ್ ಬೆಂಡ್ ಆಗುತ್ತದೆ, ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಹೋಗುತ್ತದೆ. ಗ್ಯಾಸ್ಕೆಟ್ ಹೋಗಿದೆ ಅನ್ನಲು ಗುರುತುಗಳು: ಕೂಲೆಂಟ್ ಟ್ಯಾಂಕ್‌ನಲ್ಲಿ ಬಿಡದೆ ಗುಳ್ಳೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಹೊರಗೆ ಎಲ್ಲೂ ಲೀಕ್ ಇಲ್ಲದಿದ್ದರೂ ಇಳಿಯುವ ಕೂಲೆಂಟ್, ಡಿಪ್ ಸ್ಟಿಕ್ ಮೇಲೆ ಹಾಲು ಬೆರೆಸಿದಂಥ ಆಯಿಲ್. ಆಯಿಲ್ ಮುಚ್ಚಳದ ಕೆಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದರೆ ಗಾಬರಿ ಬೇಡ. ಚಳಿಯಲ್ಲಿ ಬರೀ ಸಣ್ಣ ದೂರ ಓಡಿಸುವ ಗಾಡಿಗಳಲ್ಲಿ ತೇವದಿಂದಲೂ ಅದು ಬರುತ್ತದೆ.

ಹೊಗೆ

ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಇಲ್ಲೂ "ಯಾವಾಗ" ಮುಖ್ಯ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಸಲ ಬುಸ್ ಅಂದು ನಿಂತರೆ ವಾಲ್ವ್ ಸೀಲ್. ಆಕ್ಸಿಲರೇಟರ್ ಒತ್ತಿದಾಗೆಲ್ಲ ಬಂದರೆ ಪಿಸ್ಟನ್ ರಿಂಗ್ ಅಥವಾ ಟರ್ಬೊ. ಕಪ್ಪು ಅಂದರೆ ಇಂಧನ ಜಾಸ್ತಿ ಅಥವಾ ಗಾಳಿ ಕಡಿಮೆ: ಕಟ್ಟಿಕೊಂಡ ಏರ್ ಫಿಲ್ಟರ್, ಸೋರುವ ಇಂಜೆಕ್ಟರ್, ಡೀಸೆಲ್‌ನಲ್ಲಿ ಟರ್ಬೊ ಹೋಸ್ ಸೀಳಿರುವುದು. ಬೆಳಗಿನ ತೆಳು ಬಿಳಿ ಆವಿ ಬರೀ ನೀರು.

ಮಿಸ್ ಫೈರಿಂಗ್

ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿದ್ದರೆ ಅದೇ ಮಿಸ್ ಫೈರಿಂಗ್. ಎಂಜಿನ್ ನಡುಗುತ್ತದೆ, ಪಿಕಪ್ ಇಲ್ಲ, ಚೆಕ್ ಎಂಜಿನ್ ಲೈಟ್ ಬಂದಿದೆ. ಲೈಟ್ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ಸೇರಬಹುದು. ಮಿನುಗುತ್ತಿದ್ದರೆ ಅರ್ಥ ಬೇರೆ: ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಸುಡುವಷ್ಟು ಮಿಸ್ ಆಗುತ್ತಿದೆ. ಗಾಡಿ ನಿಲ್ಲಿಸಿ.

ಸ್ಕ್ಯಾನರ್ ಹಾಕಿದಾಗ ಪಿ0301 ಅಂತ ಬಂತು ಅನ್ನಿ. ಒಂದನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂತ ಅರ್ಥ. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ "ಕಾಯಿಲ್ ಹಾಳಾಗಿದೆ" ಅಂತ ಅದು ಹೇಳುತ್ತಿಲ್ಲ, ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. ಹೊಸ ಕಾಯಿಲ್ ತರುವ ಮೊದಲು ಹೀಗೆ ಮಾಡಿ. ಎಂಜಿನ್ ಆಫ್ ಮಾಡಿ ಒಂದನೇ ಸಿಲಿಂಡರ್‌ನ ಕಾಯಿಲ್ ಮೂರನೆಯದಕ್ಕೆ, ಮೂರನೆಯದರದ್ದು ಒಂದನೆಯದಕ್ಕೆ ಹಾಕಿ. ಕೋಡ್ ಅಳಿಸಿ, ಓಡಿಸಿ ನೋಡಿ. ಈಗ ಪಿ0303 ಬಂದರೆ ತೊಂದರೆ ಕಾಯಿಲ್ ಜೊತೆಗೇ ಹೋಯಿತು, ಕಾಯಿಲ್ ಬದಲಿಸಿ. ಮತ್ತೆ ಪಿ0301 ಬಂದರೆ ಕಾಯಿಲ್ ಸರಿಯಿದೆ. ಅದೇ ಆಟ ಪ್ಲಗ್ ಜೊತೆ ಆಡಿ. ಅದೂ ಅಲ್ಲದಿದ್ದರೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು).

ಪ್ಲಗ್ ಕೈಯಲ್ಲಿದ್ದಾಗ ಅದರ ತುದಿ ನೋಡದೆ ಬಿಡಬೇಡಿ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಒದ್ದೆ, ಜಿಡ್ಡು ಇದ್ದರೆ ಆಯಿಲ್ ಒಳಗೆ ಬರುತ್ತಿದೆ. ಬೆಳ್ಳಗೆ ಸುಟ್ಟು ಗುಳ್ಳೆ ಬಂದಿದ್ದರೆ ಆ ಸಿಲಿಂಡರ್ ಮಿತಿಮೀರಿ ಬಿಸಿಯಾಗಿದೆ.

ಕಂಪ್ರೆಷನ್ ಒಂದು ಸಿಲಿಂಡರ್‌ನಲ್ಲಿ ಕಡಿಮೆ ಬಂದರೆ, ಪ್ಲಗ್ ತೂತಿನಲ್ಲಿ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಆಯಿಲ್ ಆ ಸಂದನ್ನು ಮುಚ್ಚಿತು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಆಯಿಲ್, ಬೆಲ್ಟ್

ಆಯಿಲ್ ಪ್ರೆಷರ್‌ನ ಕೆಂಪು ದೀಪ ಓಡುವಾಗ ಹತ್ತಿದರೆ ಚರ್ಚೆಯೇ ಬೇಡ, ಬದಿಗೆ ನಿಲ್ಲಿಸಿ ಎಂಜಿನ್ ಆಫ್. ಐಡ್ಲಿಂಗ್‌ನಲ್ಲಿ ಮಿನುಗಿ, ರೇಸ್ ಮಾಡಿದರೆ ಆರಿಹೋಗುತ್ತದೆ ಅಂದರೆ ಆಯಿಲ್ ಮಟ್ಟ ಕಡಿಮೆ, ಪಂಪ್ ಸವೆದಿದೆ ಅಥವಾ ಬೇರಿಂಗ್ ಸಡಿಲವಾಗಿದೆ. ಡಿಪ್ ಸ್ಟಿಕ್‌ನ ಎರಡು ಗುರುತಿನ ನಡುವೆ ಬಹಳಷ್ಟು ಕಾರುಗಳಲ್ಲಿ ಸುಮಾರು 1 ಲೀಟರ್ ಹಿಡಿಯುತ್ತದೆ. ಮೇಲಿನ ಗುರುತು ದಾಟಿ ತುಂಬುವುದೂ ತಪ್ಪೇ. ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಬೇರಿಂಗ್ ಕಾಪಾಡುವ ಶಕ್ತಿ ಇಲ್ಲ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಗಾಡಿಯಲ್ಲಿ ಆಯಿಲ್ ಮಟ್ಟ ತಾನೇ ಏರುತ್ತಿದ್ದರೆ ಡೀಸೆಲ್ ಬೆರೆಯುತ್ತಿದೆ ಅಂತ ಅನುಮಾನಪಡಿ. ಸಣ್ಣ ಸಣ್ಣ ಓಡಾಟದಲ್ಲಿ ಫಿಲ್ಟರ್ ಸ್ವಚ್ಛವಾಗುವ ಕೆಲಸ ಅರ್ಧಕ್ಕೇ ನಿಂತಾಗ ಹೀಗಾಗುತ್ತದೆ.

ಟೈಮಿಂಗ್ ಬೆಲ್ಟ್ ಮುನ್ಸೂಚನೆ ಕೊಟ್ಟು ಹೋಗುವುದು ಕಡಿಮೆ. ಗಾಡಿ ಪ್ರಕಾರ 60,000ದಿಂದ 1,00,000 ಕಿ.ಮೀ. ಆಸುಪಾಸಿನಲ್ಲಿ ಬದಲಿಸಲು ಹೇಳಿರುತ್ತಾರೆ, ಜೊತೆಗೆ ವರ್ಷದ ಮಿತಿಯೂ ಇರುತ್ತದೆ. ಗಾಡಿ ಓಡದೆ ನಿಂತಿದ್ದರೂ ರಬ್ಬರ್ ಹಳೆಯದಾಗುತ್ತದೆ, ಅಲ್ವಾ? ಬೆಲ್ಟ್ ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ.

ಕ್ಲಚ್ ಮತ್ತು ಗೇರ್ ಬಾಕ್ಸ್

ಇಲ್ಲಿ ಜನ ಜಾಸ್ತಿ ದುಡ್ಡು ಕಳೆಯುತ್ತಾರೆ, ಯಾಕೆಂದರೆ ಕ್ಲಚ್ ತೊಂದರೆಯನ್ನು ಗೇರ್ ಬಾಕ್ಸ್ ತೊಂದರೆ ಅಂದುಕೊಂಡು ಗೇರ್ ಬಾಕ್ಸ್ ಬಿಚ್ಚಿಸುತ್ತಾರೆ. ಎರಡನ್ನೂ ಬೇರೆ ಮಾಡಲು ಯಾವ ಉಪಕರಣವೂ ಬೇಡ, ಕಿವಿ ಮತ್ತು ಎಡಗಾಲು ಸಾಕು.

ಎಂಜಿನ್ ಐಡ್ಲಿಂಗ್‌ನಲ್ಲಿರಲಿ, ಗೇರ್ ನ್ಯೂಟ್ರಲ್, ಕಿಟಕಿ ಇಳಿಸಿ. ಕ್ಲಚ್ ಮೇಲೆ ಕಾಲಿಡದೆ ಕೇಳಿ. ಗುರ್ ಅನ್ನುವ ಸದ್ದು ಇದ್ದು, ಕ್ಲಚ್ ಪೂರ್ತಿ ಒತ್ತಿದಾಗ ನಿಂತರೆ ಗೇರ್ ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್ ಅನ್ನಬಹುದು. ಯಾಕೆ? ಕ್ಲಚ್ ಬಿಟ್ಟಾಗ ನ್ಯೂಟ್ರಲ್‌ನಲ್ಲೂ ಆ ಶಾಫ್ಟ್ ತಿರುಗುತ್ತಿರುತ್ತದೆ, ಒತ್ತಿದಾಗ ನಿಲ್ಲುತ್ತದೆ. ಉಲ್ಟಾ, ಬಿಟ್ಟಾಗ ಸದ್ದಿಲ್ಲ, ಒತ್ತಿದಾಗ ಕಿರ್ ಅನ್ನುತ್ತದೆ ಅಂದರೆ ರಿಲೀಸ್ ಬೇರಿಂಗ್. ಅದು ಕ್ಲಚ್ ಸೆಟ್‌ನ ಭಾಗ.

ಗೇರ್ ಬೀಳುವುದಿಲ್ಲ ಅನ್ನುವ ದೂರಿಗೂ ಇಂಥದ್ದೇ ಪರೀಕ್ಷೆ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರ್ ಸಲೀಸಾಗಿ ಬಿದ್ದು, ಆನ್ ಮಾಡಿದರೆ ಗಟ್ಟಿಯಾಗುತ್ತದೆ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಹೈಡ್ರಾಲಿಕ್ ಲೈನ್‌ನಲ್ಲಿ ಗಾಳಿ, ಲೀಕ್ ಆಗುವ ಸಿಲಿಂಡರ್, ಕೇಬಲ್ ಇದ್ದರೆ ಅದರ ಅಡ್ಜಸ್ಟ್‌ಮೆಂಟ್ ನೋಡಿ. ಎಂಜಿನ್ ಆಫ್ ಇದ್ದಾಗಲೂ ಗಟ್ಟಿ ಅಂದರೆ ಲಿಂಕೇಜ್ ಅಥವಾ ಗೇರ್ ಬಾಕ್ಸ್ ಒಳಗಿನ ವಿಷಯ. ಒಂದೇ ಗೇರ್‌ಗೆ, ಉದಾಹರಣೆಗೆ ಎರಡನೆಯದಕ್ಕೆ ಹಾಕುವಾಗ ಮಾತ್ರ ಕರ್ ಅಂದರೆ ಆ ಗೇರ್‌ನ ಸಿಂಕ್ರೊನೈಸರ್ ರಿಂಗ್ (ಗೇರ್ ಬೀಳುವ ಮೊದಲು ತಿರುಗುವ ವೇಗ ಸರಿಹೊಂದಿಸುವ ಭಾಗ) ಸವೆದಿದೆ. ರಿವರ್ಸ್‌ಗೆ ಸದ್ದು ಬಂದರೆ ಮೊದಲು ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಕಾದು ಹಾಕಿ ನೋಡಿ. ಬಹಳ ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೊನೈಸರ್ ಇರುವುದೇ ಇಲ್ಲ.

ಟಾಪ್ ಗೇರ್‌ನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಇದು ಕ್ಲಚ್ ಸ್ಲಿಪ್. ಪ್ಲೇಟ್ ಬದಲಿಸಲು ಬಿಚ್ಚಿದಾಗ ಹಿಂದಿನ ಕ್ರ್ಯಾಂಕ್ ಸೀಲ್ ನೋಡಲೇಬೇಕು. ಅದು ಸೋರಿದರೆ ಹೊಸ ಪ್ಲೇಟೂ ಆಯಿಲ್ ಕುಡಿದು ಹಾಳಾಗುತ್ತದೆ. ಗೇರ್ ತಾನೇ ಹಾರಿ ನ್ಯೂಟ್ರಲ್‌ಗೆ ಬರುತ್ತಿದ್ದರೆ ಮೊದಲು ಎಂಜಿನ್ ಮೌಂಟಿಂಗ್ ನೋಡಿ, ಆಮೇಲೆ ಸೆಲೆಕ್ಟರ್ ಫೋರ್ಕ್, ಗೇರ್ ಹಲ್ಲು.

ಗೇರ್ ಆಯಿಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಜಿಎಲ್-4, ಜಿಎಲ್-5 ಅನ್ನುವುದು ಗೇರ್ ಆಯಿಲ್‌ನ ದರ್ಜೆಗಳು. "ಜಿಎಲ್-5 ಜಿಎಲ್-4ಕ್ಕಿಂತ ದೊಡ್ಡ ನಂಬರ್, ಹಾಗಾಗಿ ಒಳ್ಳೆಯದು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಮಿಶ್ರಣ ಜಾಸ್ತಿ, ಅದು ಡಿಫರೆನ್ಶಿಯಲ್ ಹಲ್ಲುಗಳ ಭಾರೀ ಒತ್ತಡಕ್ಕೆ ಮಾಡಿದ್ದು. ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್ ಇರುವ ಗೇರ್ ಬಾಕ್ಸ್‌ಗೆ ಅದು ಕೆಡುಕು ಮಾಡಬಹುದು. ಮ್ಯಾನ್ಯುಯಲ್ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದನ್ನೇ ಹಾಕಿ.

ಆಟೋಮ್ಯಾಟಿಕ್

ಎಎಂಟಿ ಅಂದರೆ ಒಳಗೆ ಮಾಮೂಲಿ ಮ್ಯಾನ್ಯುಯಲ್ ಗೇರ್ ಬಾಕ್ಸೇ, ಕ್ಲಚ್ ಒತ್ತುವುದು ಮತ್ತು ಗೇರ್ ಹಾಕುವುದು ಮಾತ್ರ ಯಂತ್ರ. ಹಾಗಾಗಿ ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಲ್ಲೇ ಗಾಡಿ ಹಿಡಿದು ನಿಲ್ಲಿಸಿದರೆ ಹಾಫ್ ಕ್ಲಚ್‌ನಲ್ಲಿ ನಿಂತಂತೆಯೇ, ಪ್ಲೇಟ್ ಸುಡುತ್ತದೆ. ಎರಡು ಕ್ಲಚ್‌ನ ಡಿಸಿಟಿಗೂ ಇದೇ ಮಾತು.

ಟಾರ್ಕ್ ಕನ್ವರ್ಟರ್ (ಆಯಿಲ್ ಮೂಲಕ ಎಂಜಿನ್ ಶಕ್ತಿ ದಾಟಿಸುವ ಭಾಗ) ಇರುವುದರಲ್ಲಿ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್ ಬಾಕ್ಸ್‌ನ ಆಯಿಲೇ ಜೀವ. ಡಿ ಹಾಕಿದ ಮೇಲೆ ಒಂದೆರಡು ಸೆಕೆಂಡ್ ತಡವಾಗಿ ಎಳೆದರೆ ಮೊದಲು ಮಟ್ಟ ನೋಡಿ. ಆಯಿಲ್ ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟ್‌ಗಳು ಸವೆಯುತ್ತಿವೆ. ಸಿವಿಟಿಗೆ (ಗೇರ್ ಬದಲು ಬೆಲ್ಟ್ ಮತ್ತು ಪುಲ್ಲಿ ಇರುವ ಆಟೋಮ್ಯಾಟಿಕ್) ಅದರದ್ದೇ ಫ್ಲೂಯಿಡ್ ಬೇಕು, ಎಟಿಎಫ್ ಹಾಕಿದರೆ ಬೆಲ್ಟ್ ಜಾರಿ ಗೇರ್ ಬಾಕ್ಸೇ ಹೋಗುತ್ತದೆ. "ಲೈಫ್ ಟೈಮ್ ಆಯಿಲ್, ಬದಲಿಸುವುದೇ ಬೇಡ" ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ, ಬಿಸಿಗೆ ಸಿಕ್ಕ ಯಾವ ಆಯಿಲೂ ಹಳೆಯದಾಗುತ್ತದೆ. ಡ್ರೈನ್ ಮಾಡಿದಾಗ ಎಲ್ಲ ಆಯಿಲ್ ಬರುವುದಿಲ್ಲ, ಟಾರ್ಕ್ ಕನ್ವರ್ಟರ್ ಒಳಗೆ ಸಾಕಷ್ಟು ಉಳಿಯುತ್ತದೆ. ಹಾಗಾಗಿ ತೆಗೆದಷ್ಟನ್ನೇ ಅಳೆದು ಹಾಕಿ, ಆಮೇಲೆ ಪುಸ್ತಕದಲ್ಲಿ ಹೇಳಿದ ತಾಪಮಾನದಲ್ಲಿ ಮಟ್ಟ ಪರೀಕ್ಷಿಸಿ.

ಕೆಟ್ಟು ನಿಂತ ಆಟೋಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬೇಡಿ. ನ್ಯೂಟ್ರಲ್‌ನಲ್ಲಿದ್ದರೂ ಚಕ್ರದ ಜೊತೆ ಗೇರ್ ಬಾಕ್ಸ್‌ನ ಒಳಭಾಗ ತಿರುಗುತ್ತದೆ, ಆದರೆ ಆಯಿಲ್ ಪಂಪ್ ತಿರುಗುವುದು ಎಂಜಿನ್‌ನಿಂದ. ಎಂಜಿನ್ ಆಫ್ ಇದ್ದರೆ ಒಳಗೆ ಆಯಿಲ್ ಹರಿಯುವುದಿಲ್ಲ. ಎಂಜಿನ್ ಶಕ್ತಿ ಹೋಗುವ ಚಕ್ರಗಳನ್ನು ನೆಲದಿಂದ ಎತ್ತಿ ಸಾಗಿಸಿ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಇಡೀ ಗಾಡಿಯನ್ನೇ ಲಾರಿಯ ಮೇಲೆ ಹತ್ತಿಸಿ.