ಕಣ್ಣಿನ ಕೆಳಗೆ ಹಚ್ಚಲು ಕ್ರೀಮೋ, ಜೆಲ್ಲೋ, ಸೀರಮ್ಮೋ?

ಪ್ರಶ್ನೆ: ಕಣ್ಣಿನ ಕೆಳಗಿನ ಕಪ್ಪಿಗೆಂದು ಕ್ರೀಮ್, ಜೆಲ್, ಸೀರಮ್, ಪ್ಯಾಚ್ ಎಂದು ಹಲವು ಬಗೆಯವು ಸಿಗುತ್ತವೆ. ಇವುಗಳಲ್ಲಿ ನಿಜವಾದ ವ್ಯತ್ಯಾಸವೇನು? ಮುಖಕ್ಕೆ ಬಳಸುವ ಕ್ರೀಮನ್ನೇ ಅಲ್ಲಿಗೂ ಹಚ್ಚಿದರೆ ಸಾಲದೆ?

ಉತ್ತರ: ಈ ಹೆಸರುಗಳು ಹೇಳುವುದು ಕೆಲಸ ಮಾಡುವ ಘಟಕವನ್ನಲ್ಲ, ಅದನ್ನು ಬೆರೆಸಿರುವ ಮಾಧ್ಯಮವನ್ನು ಮಾತ್ರ. ಕ್ರೀಮಿನಲ್ಲಿ ನೀರಿನೊಂದಿಗೆ ಎಣ್ಣೆಯಂಶವೂ ಸೇರಿರುವುದರಿಂದ ಅದು ಒಣ ಚರ್ಮಕ್ಕೆ ಒಗ್ಗುತ್ತದೆ. ಜೆಲ್ ಹಗುರ, ಜಿಡ್ಡಿನ ಚರ್ಮದವರಿಗೆ ಹಿತ. ಸೀರಮ್ ತೆಳುವಾಗಿದ್ದು, ಸಾಮಾನ್ಯವಾಗಿ ಅದರಲ್ಲಿ ಸಕ್ರಿಯ ಘಟಕದ ಪ್ರಮಾಣ ಹೆಚ್ಚಿರುತ್ತದೆ, ಆದರೆ ತೇವವನ್ನು ಹಿಡಿದಿಡಲು ಅದರ ಮೇಲೆ ಕ್ರೀಮನ್ನೂ ಹಚ್ಚಬೇಕಾಗಬಹುದು. ಪ್ಯಾಚ್ ಚರ್ಮವನ್ನು ಮುಚ್ಚಿ ತೇವ ತುಂಬುತ್ತದೆ, ತಂಪೂ ಕೊಡುತ್ತದೆ. ಅದರ ಹೊಳಪು ಕೆಲವು ಗಂಟೆಗಳದ್ದು.

ಆದ್ದರಿಂದ ಡಬ್ಬಿಯ ಹೆಸರಿಗಿಂತ ಮೊದಲು ನೋಡಬೇಕಾದದ್ದು ಕನ್ನಡಿಯನ್ನು. ಕೆಳರೆಪ್ಪೆಯ ಚರ್ಮವನ್ನು ಬೆರಳಿನಿಂದ ಮೃದುವಾಗಿ ಎಳೆದಾಗ ಕಂದು ಬಣ್ಣ ಹಾಗೆಯೇ ಉಳಿದರೆ, ಅದು ಬಹುಮಟ್ಟಿಗೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ನ ಸಂಗ್ರಹ. ಅದಕ್ಕೆ ವಿಟಮಿನ್ ಸಿ, ನಿಯಾಸಿನಮೈಡ್‌ನಂತಹ ಘಟಕಗಳು ತಕ್ಕವು, ಜೊತೆಗೆ ಸನ್‌ಸ್ಕ್ರೀನ್ ಇಲ್ಲದಿದ್ದರೆ ಹಚ್ಚಿದ್ದೆಲ್ಲ ವ್ಯರ್ಥ. ಎಳೆದಾಗ ನೀಲಿ ಅಥವಾ ನೇರಳೆ ಛಾಯೆ ಇನ್ನಷ್ಟು ಗಾಢವಾದರೆ, ತೆಳು ಚರ್ಮದಡಿಯ ರಕ್ತನಾಳಗಳು ಕಾಣುತ್ತಿವೆ ಎಂದು ತಿಳಿಯಬಹುದು; ರಕ್ತನಾಳಗಳನ್ನು ಸಂಕುಚಿಸುವ ಕೆಫೀನ್ ಇಲ್ಲಿ ತಾತ್ಕಾಲಿಕವಾಗಿ ನೆರವಾಗುತ್ತದೆ. ಮುಖವನ್ನು ಬೆಳಕಿನತ್ತ ಎತ್ತಿದೊಡನೆ ಕಪ್ಪು ಮಾಯವಾಗುವುದಾದರೆ ಅದು ಬಣ್ಣವೇ ಅಲ್ಲ, ಕಣ್ಣಿನ ಕೆಳಗಿನ ಗುಳಿ ಬೀಳಿಸುವ ನೆರಳು. ನೆರಳನ್ನು ಅಳಿಸುವ ಕ್ರೀಮು ಇಲ್ಲ. ಅನೇಕರಲ್ಲಿ ಈ ಮೂರೂ ಬೆರೆತಿರುವುದರಿಂದಲೇ ಒಬ್ಬರಿಗೆ ಫಲಿಸಿದ್ದು ಇನ್ನೊಬ್ಬರಿಗೆ ಫಲಿಸುವುದಿಲ್ಲ.

ಊತದ ವಿಷಯವೂ ಹೀಗೆಯೇ. ಬೆಳಿಗ್ಗೆ ಹೆಚ್ಚಿದ್ದು ಮಧ್ಯಾಹ್ನದ ವೇಳೆಗೆ ಇಳಿಯುವ ಊತ ದ್ರವದ್ದು. ತಂಪಾದ ಜೆಲ್‌ಗೆ ಅದು ಒಂದಿಷ್ಟು ಬಗ್ಗುತ್ತದೆ, ತಂಪು ಬಟ್ಟೆಗೂ ಬಗ್ಗುತ್ತದೆ ಎಂಬುದು ಬೇರೆ ಮಾತು. ವಯಸ್ಸಿನೊಂದಿಗೆ ಕೊಬ್ಬು ಮುಂದೆ ಸರಿದು ಉಂಟಾದ ಚೀಲ ಇಡೀ ದಿನ ಹಾಗೆಯೇ ಇರುತ್ತದೆ, ಅದನ್ನು ಲೇಪನಗಳು ಕರಗಿಸಲಾರವು. ಸಣ್ಣ ಗೆರೆಗಳಿಗೆ ಹೈಯಲುರಾನಿಕ್ ಆಮ್ಲ ನೀರು ಹಿಡಿದು ತಕ್ಷಣದ ತುಂಬುತನ ಕೊಟ್ಟರೆ, ವಿಟಮಿನ್ ಎ ರೂಪವಾದ ರೆಟಿನಾಲ್, ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೋಟೀನಿನ ಉತ್ಪತ್ತಿಯನ್ನು ಪ್ರಚೋದಿಸಿ ತಿಂಗಳುಗಳ ಕಾಲ ನಿಧಾನವಾಗಿ ಕೆಲಸ ಮಾಡುತ್ತದೆ. ಅದನ್ನು ವಾರಕ್ಕೆ ಎರಡು ರಾತ್ರಿಯಿಂದ ಆರಂಭಿಸುವುದು ಒಳ್ಳೆಯದು, ಗರ್ಭಿಣಿಯರು ಬಳಸಬಾರದು.

ಇನ್ನು ಮುಖದ ಕ್ರೀಮು: ಸುಗಂಧವಿಲ್ಲದ, ಉರಿ ತರದ ಸರಳ ಮಾಯಿಶ್ಚರೈಸರ್ ಆಗಿದ್ದರೆ ಧಾರಾಳವಾಗಿ ಹಚ್ಚಬಹುದು, ಕೇವಲ ತೇವಕ್ಕಾಗಿ ಪ್ರತ್ಯೇಕ ಡಬ್ಬಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಮೊಡವೆಗೆಂದೋ ಚರ್ಮದ ಸತ್ತ ಪದರ ತೆಗೆಯಲೆಂದೋ ಆಮ್ಲ ಸೇರಿಸಿದ ಮುಖಲೇಪನ, ಶರೀರದಲ್ಲೇ ಅತ್ಯಂತ ತೆಳುವಾದ ಈ ಚರ್ಮವನ್ನು ಸುಡಬಹುದು. ಯಾವುದನ್ನೇ ಆಗಲಿ ರೆಪ್ಪೆಯ ಅಂಚಿಗೆ ತಾಗಿಸದೆ, ಅಕ್ಕಿ ಕಾಳಿನಷ್ಟು ತೆಗೆದುಕೊಂಡು ಕಣ್ಣಿನ ಸುತ್ತಲ ಎಲುಬಿನ ಮೇಲೆ ತಟ್ಟಿ ಹಚ್ಚಬೇಕು. ಬೇಗ ಬೆಳ್ಳಗಾಗಿಸುವ ಭರವಸೆಯ ಸ್ಟೀರಾಯ್ಡ್ ಮುಲಾಮನ್ನಂತೂ ವೈದ್ಯರು ಹೇಳದೆ ಇಲ್ಲಿ ಬಳಸಲೇಕೂಡದು. ದೀರ್ಘಕಾಲದ ಬಳಕೆಯಿಂದ ಚರ್ಮ ಇನ್ನಷ್ಟು ತೆಳುವಾಗುವುದಲ್ಲದೆ ಕಣ್ಣಿನೊಳಗಿನ ಒತ್ತಡವೂ ಏರಬಹುದು.